ಬೆಂಡೆಕಾಯಿ ಹರಿಯುವ ಕೈಗೆ ಒಂದು ಉಂಗುರ

ನಮಸ್ಕಾರ. ಇವತ್ತು ಕೈಗೆ ತೊಟ್ಟುಕೊಂಡು ಕೆಲಸ ಮಾಡುವ ಸಲಕರಣೆಗಳ ಬಗ್ಗೆ ಮಾತಾಡೋಣ. ಮನೆ ಹಿಂದಿನ ಕೈತೋಟ, ಮಾಳಿಗೆ ಮೇಲಿನ ಕುಂಡ, ಹತ್ತಿಪ್ಪತ್ತು ಗುಂಟೆ ಕಾಯಿಪಲ್ಲೆ. ಇಂಥ ಸಣ್ಣ ಜಾಗದ ಮಾತು ಇದು.

ಫೋನ್ ತೆಗೆದರೆ ಒಂದು ಜಾಹೀರಾತು ಬರುತ್ತದೆ, ನೀವೂ ನೋಡಿರುತ್ತೀರಿ. ಹಸಿರು ಗ್ಲೌಸ್, ಬೆರಳ ತುದಿಗೆ ಪ್ಲಾಸ್ಟಿಕ್ ಉಗುರು. ತೊಟ್ಟುಕೊಂಡು ಮಣ್ಣಿಗೆ ಕೈ ಹಾಕುತ್ತಾರೆ, ಮಣ್ಣು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಅಲ್ಲೇ ಒಂದು ಸಸಿ ಇಡುತ್ತಾರೆ. ನೋಡಿದವರಿಗೆ ಇಷ್ಟೇ ಸುಲಭ ಅನ್ನಿಸಿಬಿಡುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕಲಬುರಗಿ, ಯಾದಗಿರಿ ಕಡೆಯ ಎರೆ ಮಣ್ಣಿನಲ್ಲಿ ತೋಟ ಮಾಡುವವರು ಆ ಉಗುರಿನ ಗ್ಲೌಸಿಗೆ ದುಡ್ಡು ಹಾಕಬೇಡಿ. ಅದೇ ದುಡ್ಡಿಗೆ ಬೆರಳಿಗೆ ಹಾಕಿಕೊಳ್ಳುವ ಒಂದು ಚಿಕ್ಕ ಅಲಗು ಮಾಡಿಸಿಕೊಳ್ಳಿ. ರಿಂಗ್ ಕಟರ್ ಅಂತಾರೆ. ದಿನಾ ಕೂಲಿಗೆ ಹೋಗಿ ಕಾಯಿ ಹರಿಯುವ ಹೆಣ್ಣುಮಕ್ಕಳ ಕೈಗೆ ಅದು ಎಲ್ಲರಿಗಿಂತ ಮೊದಲು ಸಿಗಬೇಕು.

ಉಗುರಿನ ಗ್ಲೌಸ್ ಯಾಕೆ ಬೇಡ? ನಮ್ಮ ಎರೆ ಮಣ್ಣಿನ ಗುಣ ನಿಮಗೆ ಗೊತ್ತು. ಅದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜಾತಿಯ ಜೇಡಿ ಜಾಸ್ತಿ. ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಏಪ್ರಿಲ್ ತಿಂಗಳಲ್ಲಿ ಹೊಲದ ಬಿರುಕಿನೊಳಗೆ ಕೈ ಹೋಗುತ್ತದೆ, ಆದರೆ ಹೆಂಟೆ ಒಡೆಯಲು ಗುದ್ದಲಿಯೇ ಬೇಕು. ಮಳೆಗಾಲದಲ್ಲಿ ಅದೇ ಮಣ್ಣು ಗ್ಲೌಸಿಗೆ ಮೆತ್ತಿಕೊಂಡರೆ ಬಿಡುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ ಕೈಗಿಂತ ಗ್ಲೌಸೇ ಭಾರ. ಮಧ್ಯದಲ್ಲಿ ಮಣ್ಣು ಹದವಾಗಿರುವ ನಾಲ್ಕು ದಿನ ಮಾತ್ರ ಉಗುರು ನಡೆಯುತ್ತದೆ.

ಇನ್ನೊಂದು ವಿಷಯ ಇದೆ. ಕುರ್ಚಿಗಿ ಹಿಡಿದು ಕಸ ತೆಗೆಯುವಾಗ ಬಲ ಎಲ್ಲಿಂದ ಬರುತ್ತದೆ? ಭುಜದಿಂದ, ಅಂಗೈಯಿಂದ. ಗ್ಲೌಸಿನ ಉಗುರಲ್ಲಿ ಅಷ್ಟೂ ಭಾರ ಬೆರಳಿನ ತುದಿಗೆ ಬರುತ್ತದೆ. ಮಣ್ಣು ಗಟ್ಟಿ ಇದ್ದರೆ ಪ್ಲಾಸ್ಟಿಕ್ ಹಿಂದಕ್ಕೆ ಒತ್ತಿ ನಮ್ಮ ಸ್ವಂತ ಉಗುರಿಗೇ ನೋವು ಮಾಡುತ್ತದೆ. ಜೇಕಿನ ಕಸ ಇದ್ದರಂತೂ ಕೇಳಬೇಡಿ. ಮೇಲಿನ ಎಲೆ ಕಿತ್ತು ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ವಾರ ಕಳೆಯುವುದರೊಳಗೆ ಮತ್ತೆ ಚಿಗುರುತ್ತದೆ. ಅದಕ್ಕೆ ಕುರ್ಚಿಗಿಯೇ ಮದ್ದು.

ಹಾಗಂತ ಆ ಗ್ಲೌಸ್ ಎಲ್ಲೂ ಉಪಯೋಗಕ್ಕೆ ಬರುವುದಿಲ್ಲ ಅಂತಲ್ಲ. ಮಾಳಿಗೆ ಮೇಲೆ ಕುಂಡದಲ್ಲಿ ಕೋಕೋಪೀಟ್, ಗೊಬ್ಬರ ಕಲಸಿ ಬೆಳೆಯುವವರಿಗೆ ಚೆನ್ನಾಗಿ ಆಗುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲೂ, ನೀರು ಬಿಟ್ಟು ಒಂದು ದಿನ ಆದಮೇಲೆ, ಮೇಲುಮೇಲೆ ಸಡಿಲ ಮಾಡಲು ಸಾಕು. ಅಲ್ಲಿ ಕೊಳ್ಳುವವರು ಕೊಳ್ಳಲಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಸಣ್ಣ ತೋಟದಲ್ಲಿ ಕೈ ಎಲ್ಲಕ್ಕಿಂತ ಜಾಸ್ತಿ ಮಾಡುವ ಕೆಲಸ ಯಾವುದು? ಅಗೆಯೋದು ವರ್ಷಕ್ಕೆ ಕೆಲವು ಸಲ. ಹರಿಯೋದು, ಚಿವುಟೋದು ಮಾತ್ರ ದಿನಾ. ಬೆಂಡೆಗೆ ಹೂ ಬಿಟ್ಟು ಐದಾರು ದಿನಕ್ಕೆ ಕಾಯಿ ಹರಿಯಬೇಕು. ಒಮ್ಮೆ ಶುರುವಾದರೆ ದಿನ ಬಿಟ್ಟು ದಿನ ಹರಿಯಲೇಬೇಕು, ಬಿಟ್ಟರೆ ಬಲಿತು ನಾರಾಗುತ್ತದೆ. ಚವಳಿಕಾಯಿ ಗೊಂಚಲು ಗೊಂಚಲಾಗಿ ಬರುತ್ತದೆ. ಪುಂಡಿಪಲ್ಲೆ ಚಿವುಟಿದಷ್ಟೂ ಕವಲೊಡೆಯುತ್ತದೆ. ಬದನೆ, ಹಸಿಮೆಣಸಿನಕಾಯಿ, ಚೆಂಡುಹೂ, ಎಲ್ಲ ತೊಟ್ಟಿನ ಕೆಲಸ.

ಕಲಬುರಗಿಯ ಕಣ್ಣಿ ಮಾರ್ಕೆಟಿಗೆ ಹೋದಾಗ ಕಾಯಿಪಲ್ಲೆ ಮಾರುವ ಅಕ್ಕಂದಿರ ಕೈ ಒಮ್ಮೆ ನೋಡಿ. ತಾವೇ ಬೆಳೆದು ತಂದವರದ್ದು ನೋಡಿ. ಬಲಗೈ ಹೆಬ್ಬೆರಳಿನ ಉಗುರಿನ ಅಂಚು ಕಪ್ಪಾಗಿರುತ್ತದೆ. ಸೊಪ್ಪಿನ ರಸ ಒಳಗೆ ಇಳಿದು ಕಪ್ಪಾಗಿದ್ದು, ತೊಳೆದರೆ ಹೋಗುವುದಿಲ್ಲ. ಉಗುರು ನಡುವೆ ಉದ್ದಕ್ಕೆ ಸೀಳಿರುತ್ತದೆ. ತೋರುಬೆರಳಿನ ಬದಿಗೆ, ತೊಟ್ಟು ಒತ್ತುವ ಜಾಗದಲ್ಲಿ, ಚರ್ಮ ದಪ್ಪಗಾಗಿ ಅಡ್ಡಡ್ಡ ಬಿರಿದಿರುತ್ತದೆ. ಒಬ್ಬ ಅಕ್ಕನನ್ನು ಕೇಳಿದ್ದಕ್ಕೆ ಅವರು ಕೈ ಮುಂದೆ ಹಿಡಿದು ಹೇಳಿದರು: "ಬೆಂಡಿಕಾಯಿ ಹರಿದು ಹರಿದು ಹಿಂಗ ಆಗ್ಯಾವ ನೋಡವ್ವಾ. ರಾತ್ರಿ ಊಟಕ್ಕ ಕುಂತ್ರ ಖಾರ ಹತ್ತಿ ಉರಿತಾವ." ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಆದರೂ ಆ ಕೈ ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ಕಾಯಿ ಮುರಿದು ಎಳಸಾ, ಬಲಿತಿದೆಯಾ ಅಂತ ನೋಡಿ ಚೌಕಾಸಿ ಮಾಡಿ ಬರುತ್ತೇವೆ.

ಬೆಂಡೆ ಗಿಡಕ್ಕೆ, ಕಾಯಿಗೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಸುಂಕು, ಅಂದರೆ ಮುಳ್ಳಿನಂಥ ಕೂದಲು, ಇರುತ್ತದೆ. ಅದು ಚರ್ಮಕ್ಕೆ ಚುಚ್ಚಿದರೆ ತುರಿಕೆ. ಮುಂಜಾನೆ ಎರಡು ಗಂಟೆ ಹರಿದರೆ ಮೊಣಕೈವರೆಗೆ ಕೆರೆತ ಬರುತ್ತದೆ. ಅದಕ್ಕೇ ಹಳೇ ಬಟ್ಟೆ ಸುತ್ತಿಕೊಳ್ಳುತ್ತಾರೆ. ಬಟ್ಟೆ ಸುತ್ತಿದರೆ ತೊಟ್ಟು ಚಿವುಟಲು ಉಗುರು ಸಿಗುವುದಿಲ್ಲ, ಆಗ ಎಳೆಯುತ್ತಾರೆ. ಎಳೆದರೆ ಗಿಡದ ಸಿಪ್ಪೆ ಸುಲಿದು ಬರುತ್ತದೆ. ಕೈಗೂ ನಷ್ಟ, ಗಿಡಕ್ಕೂ ನಷ್ಟ.

ರಿಂಗ್ ಕಟರ್ ಬರುವುದು ಇಲ್ಲಿಗೇ. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ. ಇದು ತೋರುಬೆರಳಿಗೆ ಹಾಕುವ ಉಂಗುರ. ಅದರ ಒಳಮಗ್ಗುಲಿಗೆ, ಹೆಬ್ಬೆರಳಿನ ಕಡೆಗೆ, ಒಂದು ಇಂಚಿನ ಚಿಕ್ಕ ಅಲಗು. ತೊಟ್ಟನ್ನು ಅಲಗಿಗೂ ಹೆಬ್ಬೆರಳಿಗೂ ನಡುವೆ ಇಟ್ಟು ಒತ್ತಿದರೆ ಕತ್ತರಿಸಿ ಹೋಗುತ್ತದೆ. ಹೆಬ್ಬೆರಳಿಗೆ ಒಂದು ರಬ್ಬರ್ ಟೋಪಿ ಅಥವಾ ಹಳೇ ಸೈಕಲ್ ಟ್ಯೂಬಿನ ತುಂಡು ಹಾಕಿಕೊಳ್ಳಬೇಕು. ಟೇಲರ್‌ಗಳು ಅಂಗುಸ್ತಾನ ಹಾಕಿಕೊಳ್ಳುವ ಹಾಗೇ ಇದು. ಕಾಯಿ ಕೈಯಲ್ಲೇ ಉಳಿಯುತ್ತದೆ, ಚೀಲಕ್ಕೆ ಬೀಳುತ್ತದೆ. ಚಾಕು ತೆಗೆ, ಚಾಕು ಇಡು ಅನ್ನುವ ಗೋಳಿಲ್ಲ.

ಇಲ್ಲಿ ಒಂದು ಅಂಶ ಗಮನಿಸಿ. ಅಲಗು ಬೆರಳಿನ ತುದಿ ಮುಟ್ಟುವುದಿಲ್ಲ, ಹಿಂದೆಯೇ ನಿಲ್ಲುತ್ತದೆ. ತುದಿ ಬರಿದಾಗೇ ಇರಬೇಕು. ಕಾಯಿ ಎಳಸೋ ಬಲಿತಿದೆಯೋ ಅಂತ ಗೊತ್ತಾಗುವುದು ಆ ತುದಿಯಿಂದ. ಎಲೆ ಅಡಿಯಲ್ಲಿ ಕಣ್ಣಿಗೆ ಕಾಣದ ಕಾಯಿಯನ್ನು ಬೆರಳೇ ಹುಡುಕುತ್ತದೆ. ದಪ್ಪ ಗ್ಲೌಸ್ ಹಾಕಿ ಆ ಬೆರಳನ್ನು ಮುಚ್ಚಿಬಿಟ್ಟರೆ ಹರಿಯುವವರ ಅರ್ಧ ಜಾಣತನ ಮುಚ್ಚಿ ಹೋಯಿತು.

ಇದು ಹೊಸ ಐಡಿಯಾ ಏನಲ್ಲ. ಇಂಡೋನೇಷ್ಯಾದ ಜಾವಾದಲ್ಲಿ ಆನಿ-ಆನಿ ಅನ್ನುವ ಅಂಗೈಯಲ್ಲಿ ಅಡಗುವ ಅಲಗಿನಿಂದ ಹೆಣ್ಣುಮಕ್ಕಳು ಭತ್ತವನ್ನು ತೆನೆ ತೆನೆಯಾಗಿ ಕೊಯ್ಯುತ್ತಿದ್ದರು. ಗಿಡ್ಡ ತಳಿಯ ಭತ್ತ ಬಂದಮೇಲೆ ಕುಡುಗೋಲು ಆ ಜಾಗ ತೆಗೆದುಕೊಂಡಿತು. ನಮ್ಮಲ್ಲೂ ಕೃಷಿ ವಿಜ್ಞಾನ ಕೇಂದ್ರಗಳು ಮಹಿಳೆಯರ ಶ್ರಮ ಕಡಿಮೆ ಮಾಡುವ ಸಲಕರಣೆ ಅಂತ ರಿಂಗ್ ಕಟರ್ ತೋರಿಸುತ್ತವೆ. ಕಲಬುರಗಿ, ಬೀದರ್, ಸುರಪುರ ಹತ್ತಿರದ ಕವಡಿಮಟ್ಟಿ, ಮೂರೂ ಕಡೆ ಕೇಂದ್ರಗಳಿವೆ. ಹತ್ತಿರದ ಕೇಂದ್ರಕ್ಕೆ ಹೋಗಿ ಕೇಳಿ. ಕೇಳುವವರು ಇದ್ದರೆ ತರಿಸುತ್ತಾರೆ.

ಈಗ ನನಗೆ ಸಿಟ್ಟು ಬರುವ ವಿಷಯ. ಅಳತೆ. ಗ್ಲೌಸ್ ಇರಲಿ, ಉಂಗುರ ಇರಲಿ, ಅಂಗಡಿಯಲ್ಲಿ ಸಿಗುವುದು ಫ್ರೀ ಸೈಜ್. ಯಾರ ಕೈಗೆ ಫ್ರೀ? ಗಂಡಸರ ಕೈಗೆ. ಗ್ಲೌಸಿನ ನಂಬರ್ ಅಂದರೆ ಹೆಬ್ಬೆರಳು ಬಿಟ್ಟು ಅಂಗೈ ಸುತ್ತಳತೆ, ಇಂಚಿನಲ್ಲಿ. ನಮ್ಮ ಹೆಣ್ಣುಮಕ್ಕಳಿಗೆ ಹೆಚ್ಚಾಗಿ 7 ಸರಿಹೋಗುತ್ತದೆ, ಅಂಗಡಿಯವನು ಕೊಡುವುದು 9 ಅಥವಾ 10. ಬೆರಳ ತುದಿಯಲ್ಲಿ ಬಟ್ಟೆ ಜೋತಾಡುತ್ತದೆ, ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಗಂಟೆಯೊಳಗೆ ತೆಗೆದು ಬದುವಿನ ಮೇಲೆ ಇಡುತ್ತಾರೆ. ಆಮೇಲೆ ಜನ ಹೇಳುತ್ತಾರೆ, "ಕೊಟ್ಟರೂ ಹಾಕಿಕೊಳ್ಳಲ್ಲ ರೀ ಇವರು." ಈ ಮಾತು ಕೇಳಿದಾಗೆಲ್ಲ ನನಗೆ ಬಹಳ ಬೇಜಾರಾಗುತ್ತದೆ. ಅಳತೆಗೆ ಸರಿಯಾದ ಚಪ್ಪಲಿ ಕೇಳುವ ಹಕ್ಕು ನಮಗಿದೆ, ಕೈಗೆ ಸರಿಯಾದ ಸಲಕರಣೆ ಕೇಳುವ ಹಕ್ಕು ಅವರಿಗಿಲ್ಲವಾ?

ಅದಕ್ಕೇ ನಾನು ಹೇಳುವುದು, ಊರಿನ ಕಮ್ಮಾರರ ಹತ್ತಿರ ಮಾಡಿಸಿ. ಬೇಕಾಗುವುದು ಅಲಗಿಗೆ ಹಳೇ ಹ್ಯಾಕ್ಸಾ ಬ್ಲೇಡ್, ಉಂಗುರಕ್ಕೆ ಒಂದು ತೆಳು ಮೆತ್ತನೆ ಕಬ್ಬಿಣದ ಪಟ್ಟಿ. ಬ್ಲೇಡಿನ ಎರಡೂ ತುದಿಗೆ ತೂತು ಮೊದಲೇ ಇರುತ್ತದೆ. ಆ ತುದಿಯನ್ನೇ ಕತ್ತರಿಸಿ ತೆಗೆದರೆ ರಿವೆಟ್ ಹಾಕಲು ಹೊಸ ತೂತು ಕೊರೆಯುವ ಕಷ್ಟ ಇಲ್ಲ. ಹಲ್ಲಿನ ಕಡೆಯನ್ನು ಸಾಣೆ ಹಿಡಿದು ನುಣುಪು ಮಾಡಬೇಕು. ಹಿಡಿಯುವಾಗ ಮೇಲಿಂದ ಮೇಲೆ ನೀರಿಗೆ ಅದ್ದಬೇಕು. ಸಾದಾ ಕಾರ್ಬನ್ ಸ್ಟೀಲ್ ಬ್ಲೇಡ್ ಕಾದು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಹದ ಹೋಯಿತು, ಅಂಚು ನಿಲ್ಲುವುದಿಲ್ಲ. ಇದನ್ನು ಕಮ್ಮಾರರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಕುರ್ಚಿಗಿ, ಕುಡುಗೋಲು ಮಾಡುವ ಕೈ ಅದು.

ಒಂದು ಎಚ್ಚರಿಕೆ ಮಾತ್ರ ಕಡ್ಡಾಯ. ಉಂಗುರ ಪೂರ್ತಿ ಮುಚ್ಚಿರಬಾರದು. ಒಂದು ಬದಿ ತೆರೆದಿರಬೇಕು, ಜೋರಾಗಿ ಎಳೆದರೆ ಬೆರಳಿಂದ ಬಿಚ್ಚಿ ಬರಬೇಕು. ಮುಚ್ಚಿದ ಉಂಗುರ ತಂತಿಗೋ ಬೇಲಿಗೋ ಸಿಕ್ಕಿ, ಆ ಹೊತ್ತಿಗೆ ಕಾಲು ಜಾರಿದರೆ ಬೆರಳಿನ ಚರ್ಮವೇ ಕಿತ್ತು ಬರುತ್ತದೆ. ಡಾಕ್ಟರುಗಳು ಇಂಥ ಗಾಯ ನೋಡಿರುತ್ತಾರೆ. ಪಟ್ಟಿ ಮೆತ್ತಗಿರಲಿ ಅಂದದ್ದು ಅದಕ್ಕೇ. ಅಂಚು ತುಕ್ಕು ಹಿಡಿಯದಂತೆ ಕೆಲಸ ಮುಗಿದಮೇಲೆ ಒರೆಸಿ ಎಣ್ಣೆ ಸವರಿ. ಧನುರ್ವಾಯು (ಟೆಟನಸ್) ಇಂಜೆಕ್ಷನ್ ಆಗಿದೆಯಾ ನೋಡಿಕೊಳ್ಳಿ.

ಟೊಮೆಟೊ, ಮೆಣಸಿನ ಗಿಡ ಇದ್ದರೆ ಇನ್ನೊಂದು ಮಾತು. ತಂಬಾಕು ಮೊಸಾಯಿಕ್ ವೈರಸ್ ಅಲಗಿನಿಂದ, ಕೈಯಿಂದಲೇ ಗಿಡದಿಂದ ಗಿಡಕ್ಕೆ ದಾಟುತ್ತದೆ. ತಂಬಾಕು ತಿಕ್ಕಿದ ಕೈಯಿಂದಲೂ ಬರುತ್ತದೆ. ಗಿಡ ಮುಟ್ಟುವ ಮೊದಲು ಕೈ, ಅಲಗು ಎರಡನ್ನೂ ಸೋಪು ಹಚ್ಚಿ ತೊಳೆಯಿರಿ. ಬೆಂಡೆಯ ಹಳದಿ ರೋಗ ಬೇರೆ, ಅದನ್ನು ತರುವುದು ಬಿಳಿನೊಣ. ಅದಕ್ಕೆ ಅಲಗನ್ನು ದೂರಬೇಡಿ.

ಹಾಗಾದರೆ ಗ್ಲೌಸ್ ಬೇಡವೇ ಬೇಡವಾ? ಬೇಕು, ಕಾಂಗ್ರೆಸ್ ಕಸ ಕೀಳುವಾಗ ಬೇಕೇ ಬೇಕು. ಆ ಗಿಡ ಮುಟ್ಟಿ ಮುಟ್ಟಿ ಕೈ, ಕುತ್ತಿಗೆ, ಮುಖದವರೆಗೆ ಚರ್ಮ ಕೆಟ್ಟವರು ನಮ್ಮ ಊರುಗಳಲ್ಲಿ ಇದ್ದಾರೆ. ಅದಕ್ಕೆ ಅಂಗೈಗೆ ಮಾತ್ರ ರಬ್ಬರ್ ಲೇಪ ಇರುವ, ಹಿಂದೆ ಹೆಣೆದ ಬಟ್ಟೆ ಇರುವ ಗ್ಲೌಸ್ ತಗೊಳ್ಳಿ. ಗಾಳಿ ಆಡುತ್ತದೆ. ನಮ್ಮ ಬೇಸಿಗೆಯ ಬಿಸಿಲಲ್ಲಿ ಪೂರ್ತಿ ರಬ್ಬರ್ ಹಾಕಿದರೆ ಹತ್ತು ನಿಮಿಷಕ್ಕೆ ಒಳಗೆ ಬೆವರು ತುಂಬುತ್ತದೆ. ಮೆಣಸಿನಕಾಯಿ ಹರಿದು ಕೈ ಉರಿದರೆ ಬರೀ ನೀರಿಗೆ ಖಾರ ಹೋಗುವುದಿಲ್ಲ. ಮೊದಲು ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು.

ಮತ್ತೆ ಉಡಿ. ಸೀರೆ ಸೆರಗು ಕಟ್ಟಿ ಉಡಿ ಮಾಡಿಕೊಂಡು ಕಾಯಿ ತುಂಬುವುದು ನಮ್ಮ ಕಡೆ ಎಲ್ಲ ಹೊಲದಲ್ಲೂ ಕಾಣುತ್ತೇವೆ. ತುಂಬಿದ ಉಡಿಯ ಭಾರ ಪೂರ್ತಿ ಸೊಂಟದ ಮೇಲೆ. ಎರಡೂ ಭುಜಕ್ಕೆ ಪಟ್ಟಿ ಇರುವ, ಕೆಳಗಿಂದ ಬಿಚ್ಚಿದರೆ ಖಾಲಿಯಾಗುವ ಚೀಲ ಹೊಲಿಸಿದರೆ ಸೊಂಟ ಉಳಿಯುತ್ತದೆ. ಹತ್ತಿ ಬಿಡಿಸಲು ಇಂಥ ಚೀಲ ಇದೆ. ಯಾದಗಿರಿ ಕಡೆ ಹತ್ತಿ ಜಾಸ್ತಿ, ಅಲ್ಲಿಯ ಸ್ವಸಹಾಯ ಸಂಘಗಳು ಸುಮ್ನೆ ಒಮ್ಮೆ ಹೊಲಿದು ನೋಡಲಿ.

ಕೆಲವರು ಕೇಳುತ್ತಾರೆ, ಇಷ್ಟು ಚಿಕ್ಕ ಸಾಮಾನಿಗೆ ಇಷ್ಟೊಂದು ಮಾತಾ ಅಂತ. ದೊಡ್ಡ ಯಂತ್ರಕ್ಕೆ ಸಬ್ಸಿಡಿ ಇದೆ, ಕೃಷಿ ಯಂತ್ರಧಾರೆಯಲ್ಲಿ ಟ್ರ್ಯಾಕ್ಟರ್, ರೋಟವೇಟರ್ ಬಾಡಿಗೆಗೆ ಸಿಗುತ್ತದೆ. ಒಳ್ಳೆಯದೇ. ಆದರೆ ಆ ಯಂತ್ರ ಭೂಮಿ ಇರುವವರಿಗೆ. ಕಾಯಿ ಹರಿಯುವವರಿಗೆ ಬಾಡಿಗೆಗೂ ಏನೂ ಇಲ್ಲ. ಕುರ್ಚಿಗಿಯನ್ನೂ ತಮ್ಮ ಮನೆಯಿಂದಲೇ ತರುತ್ತಾರೆ. ತೋಟದವರು ಕ್ರೇಟ್ ಕೊಡುತ್ತಾರೆ, ಚೀಲ ಕೊಡುತ್ತಾರೆ, ಕಾಯಿ ಕೆಡಬಾರದಲ್ಲ ಅಂತ. ಕೈ ಕೆಡಬಾರದು ಅಂತ ಏನು ಕೊಡುತ್ತೇವೆ?

ನೀವು ತೋಟದವರಾಗಿದ್ದರೆ ನನ್ನದೊಂದು ಕೋರಿಕೆ. ಈ ಸಲ ಬೆಂಡೆ ಹೂ ಬಿಟ್ಟಾಗ, ಆಳು ಹೇಳುವ ದಿನವೇ ಉಂಗುರದ ಮಾತನ್ನೂ ಎತ್ತಿ. ಬರುವ ಪ್ರತಿಯೊಬ್ಬರ ತೋರುಬೆರಳಿಗೆ, ನಡುಗಿಣ್ಣಿನ ಕೆಳಗೆ, ದಾರ ಸುತ್ತಿ ಅಳತೆ ತಗೊಳ್ಳಿ. ಎಡಗೈಯಲ್ಲಿ ಹರಿಯುವವರಿಗೆ ಅಲಗು ಎಡಗೈಯ ಹೆಬ್ಬೆರಳಿನ ಕಡೆಗೆ ಬರಬೇಕು, ಅದನ್ನೂ ಕೇಳಿ ಬರೆದುಕೊಳ್ಳಿ. ಮೊದಲ ಕಾಯಿಗೆ ಇನ್ನೂ ಐದಾರು ದಿನ ಟೈಮ್ ಇರುತ್ತದೆ, ಕಮ್ಮಾರರಿಗೆ ಅಷ್ಟು ಸಾಕು.