ಕ್ರೈಸ್ತರು ಮದ್ಯಪಾನ ಮಾಡಬಹುದೇ? ಮದುವೆಯ ಟೋಸ್ಟಿನ ಸುತ್ತ ಒಂದು ವಿಚಾರ

ಮಾನ್ಯ ಅಧ್ಯಕ್ಷರೇ, ಗುರುಗಳೇ, ಸಭಾಪಾಲಕರೇ, ಸಹೋದರ ಸಹೋದರಿಯರೇ,

ಕ್ರೈಸ್ತರು ಮದ್ಯಪಾನ ಮಾಡಬಹುದೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಕೆಲವರು ಯೇಸು ನೀರನ್ನು ದ್ರಾಕ್ಷಾರಸವಾಗಿಸಿದ ಕಾನಾ ಊರಿನ ಮದುವೆಯನ್ನು ಮುಂದಿಟ್ಟರೆ, ಉಳಿದವರು ಕುಡಿತದ ಕೇಡನ್ನು ಎಚ್ಚರಿಸುವ ಜ್ಞಾನೋಕ್ತಿಗಳ 23ನೆಯ ಅಧ್ಯಾಯವನ್ನು ಮುಂದಿಡುತ್ತಾರೆ. ಕಥೋಲಿಕರೂ ಬಾಸೆಲ್ ಮಿಷನ್ ಪರಂಪರೆಯ ಪ್ರೊಟೆಸ್ಟಂಟರೂ ನೆರೆಹೊರೆಯಲ್ಲಿ ಬಾಳುವ ಮಂಗಳೂರಿನಲ್ಲಂತೂ ಈ ಎರಡು ಉತ್ತರಗಳು ಒಂದೇ ಊಟದ ಮೇಜಿನಲ್ಲಿ ಎದುರುಬದುರಾಗಿ ಕೂರುತ್ತವೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕುಡಿಯುವುದೇ ಪಾಪವೆಂದು ಸತ್ಯವೇದ, ಅಂದರೆ ಬೈಬಲ್, ಹೇಳುವುದಿಲ್ಲ. ಆದರೂ ನಾನು ಕುಡಿಯುವುದಿಲ್ಲ. ನನ್ನ ಈ ತೀರ್ಮಾನವನ್ನು ನಿಮ್ಮ ಮೇಲೆ ನಿಯಮವಾಗಿ ಹೇರುವ ಅಧಿಕಾರವೂ ನನಗಿಲ್ಲ. ಈ ಮೂರು ಮಾತುಗಳು ಹೇಗೆ ಒಟ್ಟಿಗೆ ನಿಲ್ಲುತ್ತವೆ ಎಂಬುದನ್ನೇ ಇಂದು ವಿವರಿಸಬೇಕೆಂದಿದ್ದೇನೆ.

104ನೆಯ ಕೀರ್ತನೆ ದ್ರಾಕ್ಷಾರಸವನ್ನು ಎಣ್ಣೆ ಮತ್ತು ಆಹಾರದ ಸಾಲಿನಲ್ಲಿಟ್ಟು, ಮನುಷ್ಯನ ಹೃದಯವನ್ನು ಹಿಗ್ಗಿಸುವ ದೇವರ ಕೊಡುಗೆಯೆಂದು ಹಾಡುತ್ತದೆ. ದಶಮಾಂಶವನ್ನು ದೂರದಿಂದ ಹೊತ್ತು ತರಲಾಗದವನು ಅದನ್ನು ಮಾರಿ, ಆ ಹಣದಿಂದ ಆರಾಧನೆಯ ಸ್ಥಳದಲ್ಲಿ ದನ, ಕುರಿ, ದ್ರಾಕ್ಷಾರಸ, ಮದ್ಯ ಹೀಗೆ ಮನಸ್ಸಿಗೆ ಬಂದುದನ್ನು ಕೊಂಡು, ಮನೆಯವರೊಡನೆ ದೇವರ ಮುಂದೆ ಉಂಡು ಸಂತೋಷಪಡಲಿ ಎಂದು ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿದೆ. ನಮ್ಮ ಪ್ರಸಂಗಗಳಲ್ಲಿ ದಶಮಾಂಶದ ವಿಷಯ ಎಷ್ಟು ಸಲ ಬಂದರೂ ಈ ವಚನ ಬಂದದ್ದನ್ನು ನಾನು ಕೇಳಿಲ್ಲ. ಇನ್ನು ಕಾನಾದ ಆರು ಕಲ್ಲಿನ ಬಾನಿಗಳಿಗೆ ಸುವಾರ್ತೆ ಕೊಡುವ ಅಳತೆಯನ್ನು ಲೆಕ್ಕ ಹಾಕಿದರೆ ಒಟ್ಟು ಸುಮಾರು 470ರಿಂದ 700 ಲೀಟರ್ ಆಗುತ್ತದೆ. ಅದು ಹುಳಿಯದ ಹಣ್ಣಿನ ರಸವಾಗಿತ್ತು ಎಂಬ ವಾದವನ್ನು ನನಗೆ ಒಪ್ಪಲಾಗುವುದಿಲ್ಲ. ಅತಿಥಿಗಳು ಚೆನ್ನಾಗಿ ಕುಡಿದ ಮೇಲೆ ಕಳಪೆಯದನ್ನು ಬಡಿಸುವುದು ಎಲ್ಲರ ರೂಢಿ ಎಂದು ಔತಣದ ಮೇಲ್ವಿಚಾರಕ ಆಡುವ ಮಾತಿಗೆ ಹಣ್ಣಿನ ರಸದ ವಿಷಯದಲ್ಲಿ ಅರ್ಥವೇ ಇರುವುದಿಲ್ಲ.

ಇಷ್ಟೇ ನಿಸ್ಸಂಕೋಚವಾಗಿ ಅದೇ ಗ್ರಂಥ ಕುಡಿತದ ದುರಂತವನ್ನೂ ಚಿತ್ರಿಸುತ್ತದೆ. ಜಲಪ್ರಳಯವನ್ನು ದಾಟಿ ಬಂದ ನೋಹನು ದ್ರಾಕ್ಷಿ ತೋಟ ಮಾಡಿ, ಕುಡಿದು, ತನ್ನ ಗುಡಾರದಲ್ಲಿ ಬೆತ್ತಲೆಯಾಗಿ ಬೀಳುತ್ತಾನೆ. ಜ್ಞಾನೋಕ್ತಿಗಳ 23ನೆಯ ಅಧ್ಯಾಯದ ಕೊನೆಯ ವಚನಗಳನ್ನು ಓದಿದರೆ, ಬರೆದವನು ಕುಡುಕನೊಬ್ಬನನ್ನು ಬಹಳ ಹತ್ತಿರದಿಂದ ಕಂಡಿರಬೇಕು ಎನಿಸುತ್ತದೆ. ಕೆಂಪೇರಿದ ಕಣ್ಣು, ಕಾರಣವಿಲ್ಲದ ಗಾಯ, ಹಡಗಿನ ಕಂಬದ ತುದಿಯಲ್ಲಿ ಮಲಗಿದವನ ಹಾಗೆ ಓಲಾಡುವ ತಲೆ, ಎಲ್ಲವೂ ಅಲ್ಲಿವೆ. ತನ್ನನ್ನು ಹೊಡೆದದ್ದು ತನಗೆ ತಿಳಿಯಲೇ ಇಲ್ಲವೆಂದು ಹೇಳುವ ಆ ಮನುಷ್ಯ, ಎಚ್ಚರವಾದೊಡನೆ ಮತ್ತೆ ಅದನ್ನೇ ಹುಡುಕಿಕೊಂಡು ಹೋಗುತ್ತೇನೆ ಎನ್ನುತ್ತಾನೆ. ಇಂದು ವೈದ್ಯರು ವ್ಯಸನವೆಂದು ಕರೆಯುವುದರ ಲಕ್ಷಣ ಆ ಕೊನೆಯ ಮಾತಿನಲ್ಲಿಯೇ ಇದೆ. ದ್ರಾಕ್ಷಾರಸದಿಂದ ಮತ್ತರಾಗಬೇಡಿರಿ ಎಂದು ಅಪೊಸ್ತಲನಾದ ಪೌಲನು ಎಫೆಸದವರಿಗೆ ಬರೆದ ಮಾತಿನಲ್ಲಿ ಯಾವ ವಿನಾಯಿತಿಯೂ ಇಲ್ಲ. ಅಮಲು ತಪ್ಪು ಎಂಬುದರಲ್ಲಿ ಕಥೋಲಿಕರಿಗೂ ಪ್ರೊಟೆಸ್ಟಂಟರಿಗೂ ಎಂದೂ ಭಿನ್ನಾಭಿಪ್ರಾಯವಿರಲಿಲ್ಲ.

ಈ ಎರಡರ ನಡುವೆ ಸತ್ಯವೇದದಲ್ಲಿ ಮೂರನೆಯ ಎಳೆಯೊಂದಿದೆ; ಅದು ಸ್ವಇಚ್ಛೆಯಿಂದ ದೂರವಿದ್ದವರದು. ಯೆರೆಮೀಯನ ಗ್ರಂಥದ 35ನೆಯ ಅಧ್ಯಾಯದಲ್ಲಿ ರೇಕಾಬ್ಯರೆಂಬ ಕುಲದವರನ್ನು ದೇವಾಲಯದ ಕೋಣೆಗೆ ಕರೆತಂದು ಪಾತ್ರೆ ತುಂಬ ದ್ರಾಕ್ಷಾರಸವನ್ನಿಟ್ಟರೂ, ತಮ್ಮ ಪೂರ್ವಜನ ಆಜ್ಞೆಯಿದೆಯೆಂದು ಅವರು ಮುಟ್ಟುವುದಿಲ್ಲ. ದೇವರು ಅವರ ನಿಷ್ಠೆಯನ್ನು ಮೆಚ್ಚುತ್ತಾನೆ, ಆದರೆ ಅವರ ವ್ರತವನ್ನು ಯೆಹೂದದವರೆಲ್ಲರ ಮೇಲೆ ಹೊರಿಸುವುದಿಲ್ಲ. ಸ್ನಾನಿಕ ಯೋಹಾನನು ಕುಡಿಯಲಿಲ್ಲ, ಯೇಸು ಕುಡಿದನು. ಜನರು ಮೊದಲನೆಯವನಿಗೆ ದೆವ್ವ ಹಿಡಿದಿದೆ ಎಂದರು, ಎರಡನೆಯವನನ್ನು ಹೊಟ್ಟೆಬಾಕ, ಕುಡುಕ ಎಂದರು. ಈ ನಿಂದೆಯನ್ನು ಯೇಸುವೇ ಉಲ್ಲೇಖಿಸುತ್ತಾನೆ. ಕುಡಿಯದವನನ್ನೂ ಬಿಡದೆ, ಕುಡಿಯುವವನನ್ನೂ ಬಿಡದೆ ಆಡಿಕೊಳ್ಳುವ ಚಾಳಿ ಸಭೆಯಷ್ಟೇ ಹಳೆಯದು.

ಇಲ್ಲಿ ಒಂದು ಲೆಕ್ಕವನ್ನು ತಮ್ಮ ಮುಂದಿಡಬೇಕು. ಸತ್ಯವೇದದ ಕಾಲದಲ್ಲಿ ಇದ್ದುದು ಹಣ್ಣು, ಧಾನ್ಯಗಳನ್ನು ಹುಳಿಸಿ ಮಾಡಿದ ಪಾನೀಯ ಮಾತ್ರ. ಹುದುಗುವಿಕೆಯಿಂದ ಆಲ್ಕೋಹಾಲಿನ ಪ್ರಮಾಣ ಒಂದು ಮಿತಿಯನ್ನು ಮೀರಿ ಏರುವುದಿಲ್ಲ, ಏಕೆಂದರೆ ಅಷ್ಟರಲ್ಲಿ ಯೀಸ್ಟೇ ಸಾಯುತ್ತದೆ. ಅದಕ್ಕೂ ನೀರು ಬೆರೆಸಿ ಕುಡಿಯುವುದು ಗ್ರೀಕ್ ಮತ್ತು ರೋಮನ್ ಲೋಕದ ಪದ್ಧತಿಯಾಗಿತ್ತು. ಕಥೋಲಿಕರ ಬೈಬಲಿನಲ್ಲಿರುವ ಮಕ್ಕಬಿಯರ ಎರಡನೆಯ ಗ್ರಂಥ ಮುಗಿಯುವುದೇ, ಬರಿಯ ದ್ರಾಕ್ಷಾರಸವಾಗಲಿ ಬರಿಯ ನೀರಾಗಲಿ ಒಳ್ಳೆಯದಲ್ಲ, ಎರಡೂ ಬೆರೆತರೆ ಹಿತ ಎಂಬ ಮಾತಿನಿಂದ. ಕಥೋಲಿಕರ ಆರಾಧನೆಯಾದ ಬಲಿಪೂಜೆಯಲ್ಲಿ ಗುರುಗಳು ದ್ರಾಕ್ಷಾರಸದ ಪಾತ್ರೆಗೆ ಹನಿ ನೀರು ಸೇರಿಸುವುದನ್ನು ನೀವು ಇಂದಿಗೂ ನೋಡುತ್ತೀರಿ. ಭಟ್ಟಿ ಇಳಿಸಿದ ಮದ್ಯ ಯುರೋಪಿನಲ್ಲಿ ಹರಡಿದ್ದು ಇದಾದ ಎಷ್ಟೋ ಶತಮಾನಗಳ ಮೇಲೆ. ನಮ್ಮ ವೈನ್‌ಶಾಪುಗಳಲ್ಲಿ ಸಿಗುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಆಲ್ಕೋಹಾಲ್ ಇರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿರುವಷ್ಟು ಆಲ್ಕೋಹಾಲ್ ಹೊಟ್ಟೆ ಸೇರಬೇಕಾದರೆ, ಶೇ. 12ರ ವೈನನ್ನು 640 ಮಿಲಿಲೀಟರಿನಷ್ಟು ಕುಡಿಯಬೇಕು. ಕೂಲಿ ಮುಗಿಸಿ ಬಂದವನು ಅಂಗಡಿಯ ಮುಂದೆ ನಿಂತುಕೊಂಡೇ 90ರ ಟೆಟ್ರಾ ಪ್ಯಾಕನ್ನು ಹರಿದು, ಬಾಯಿಗೆ ಸುರಿದುಕೊಂಡು ಹೋಗುವುದಕ್ಕೆ ಕಾನಾದ ಮದುವೆಯನ್ನು ಆಧಾರವಾಗಿ ತರುವುದು ಶಾಸ್ತ್ರಕ್ಕೂ ನ್ಯಾಯವಲ್ಲ, ಆ ಮನುಷ್ಯನಿಗೂ ನ್ಯಾಯವಲ್ಲ.

ಚರಿತ್ರೆಯಲ್ಲಿ ಕ್ರೈಸ್ತರ ನಿಲುವು ಬದಲಾದದ್ದೂ ಮದ್ಯ ಬದಲಾದಂತೆಯೇ. ಸನ್ಯಾಸಿಗಳಿಗೆ ನಿಯಮ ಬರೆದ ಸಂತ ಬೆನೆಡಿಕ್ಟರು ದಿನಕ್ಕೆ ಇಷ್ಟು ವೈನ್ ಎಂದು ಅಳತೆ ಗೊತ್ತುಮಾಡಿದರು. ಮಾರ್ಟಿನ್ ಲೂಥರರ ಮನೆಯಲ್ಲಿ ಅವರ ಪತ್ನಿ ಕ್ಯಾಥರೀನಾ ಬಿಯರ್ ತಯಾರಿಸುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಅಗ್ಗದ ಜಿನ್ ಇಂಗ್ಲೆಂಡಿನ ಬಡವರ ಕೇರಿಗಳನ್ನು ಹಾಳುಮಾಡಿದಾಗ, ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ 1743ರ ತಮ್ಮ ನಿಯಮಗಳಲ್ಲಿ ಭಟ್ಟಿ ಇಳಿಸಿದ ಮದ್ಯವನ್ನು ಕೊಳ್ಳುವುದನ್ನೂ ಮಾರುವುದನ್ನೂ, ತೀರಾ ಅನಿವಾರ್ಯವಲ್ಲದೆ ಕುಡಿಯುವುದನ್ನೂ ನಿಷೇಧಿಸಿದರು. 1832ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ ಜೋಸೆಫ್ ಲಿವ್ಸಿ ಮತ್ತು ಅವರ ಸಂಗಡಿಗರು ಪೂರ್ಣ ವರ್ಜನೆಯ ಪ್ರತಿಜ್ಞೆಗೆ ಸಹಿ ಹಾಕಿದರು. ಮೆಥೊಡಿಸ್ಟ್ ಸಭೆಯ ದಂತವೈದ್ಯ ಥಾಮಸ್ ವೆಲ್ಚ್ ಅಮೆರಿಕದ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ 1869ರಲ್ಲಿ ದ್ರಾಕ್ಷಿರಸವನ್ನು ಕಾಯಿಸಿ ಹುಳಿಯದಂತೆ ಕಾಪಿಡುವ ವಿಧಾನವನ್ನು ಕಂಡುಕೊಂಡ ಮೇಲೆ, ಯೇಸುವಿನ ಕೊನೆಯ ಊಟವನ್ನು ನೆನೆದು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ಬರಿಯ ರಸವನ್ನು ಬಳಸುವುದು ಸುಲಭವಾಯಿತು. ಅಂದರೆ ಪೂರ್ಣ ವರ್ಜನೆಯೆಂಬುದು ಅಪೊಸ್ತಲರ ಕಾಲದಿಂದ ಬಂದ ಕಟ್ಟಳೆಯಲ್ಲ. ಬಡವರ ಸಂಕಟವನ್ನು ಕಂಡು ಕ್ರೈಸ್ತರು ಕೊಟ್ಟ ಉತ್ತರ. ಇದರಿಂದ ಅದರ ಬೆಲೆ ಕಡಿಮೆಯಾಯಿತೆಂದು ನಾನು ಭಾವಿಸುವುದಿಲ್ಲ.

ಈ ಉತ್ತರಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನು ಕರಾವಳಿಯ ಚರಿತ್ರೆ ಚೆನ್ನಾಗಿ ತೋರಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹಳ ಮಂದಿ ಇದ್ದರು. ಅವರಲ್ಲಿ ಅನೇಕರ ಕುಲಕಸುಬು ಶೇಂದಿ ಇಳಿಸುವ ಮೂರ್ತೆದಾರಿಕೆ. ಸಭೆ ಆ ಕಸುಬನ್ನು ಒಪ್ಪಲಿಲ್ಲ. ಬಿಡು ಎಂದು ಹೇಳಿದ ಮೇಲೆ ಅವರ ಹೊಟ್ಟೆಪಾಡಿಗೆ ದಾರಿ ತೋರಿಸಬೇಕಾಯಿತು. ಮಿಷನ್ ನೇಯ್ಗೆ ಕಾರ್ಖಾನೆಗಳನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆದುದರ ಹಿಂದೆ ಜಾತಿಯ ಆಸರೆಯನ್ನೂ ಕಸುಬನ್ನೂ ಕಳೆದುಕೊಂಡವರಿಗೆ ಕೆಲಸ ಕೊಡುವ ಒತ್ತಡವಿತ್ತು. ಮಿಷನರಿಗಳ ಕಟ್ಟುನಿಟ್ಟಿನ ಬಗ್ಗೆ ನಮಗೆ ಏನೇ ತಕರಾರಿರಲಿ, ಬರಿಯ ಉಪದೇಶ ಮಾಡಿ ಅವರು ಕೈತೊಳೆದುಕೊಳ್ಳಲಿಲ್ಲ.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯವನ್ನು ಈ ವಿಷಯದಲ್ಲಿ ಎಲ್ಲರೂ ಉದ್ಧರಿಸುತ್ತಾರೆ. ಮಾಂಸವಾಗಲಿ ದ್ರಾಕ್ಷಾರಸವಾಗಲಿ, ಸಹೋದರನು ಎಡವುವುದಕ್ಕೆ ಕಾರಣವಾಗುವುದಾದರೆ ಬಿಡುವುದೇ ಒಳ್ಳೆಯದು ಎಂಬ ವಚನ ಅಲ್ಲಿದೆ. ಆ ಅಧ್ಯಾಯ ಬಲಹೀನನೆಂದು ಕರೆಯುವ ಸಹೋದರನೆಂದರೆ ಕುಡಿತಕ್ಕೆ ಬೀಳಬಹುದಾದವನು ಎಂದೇ ಅದನ್ನು ಸಾಮಾನ್ಯವಾಗಿ ವಿವರಿಸುತ್ತೇವೆ. ಆದರೆ ಆ ಅಧ್ಯಾಯದ ಬಲಹೀನನು ಚಪಲದವನಲ್ಲ, ಸಂಕೋಚದವನು. ಇದನ್ನು ಮುಟ್ಟುವುದು ತಪ್ಪು ಎಂದು ಅವನ ಮನಸ್ಸಾಕ್ಷಿ ಹೇಳುತ್ತಿರುತ್ತದೆ. ಸುತ್ತಲಿನವರ ಬಲವಂತಕ್ಕೆ ಮಣಿದು ತನ್ನ ಮನಸ್ಸಾಕ್ಷಿಯನ್ನು ತುಳಿದರೆ ಅವನು ಎಡವುತ್ತಾನೆ. ಆದ್ದರಿಂದಲೇ ಪೌಲನು ಎರಡೂ ಕಡೆಯವರನ್ನು ತಡೆಯುತ್ತಾನೆ: ತಿನ್ನುವವನು ತಿನ್ನದವನನ್ನು ಹೀನಾಯವಾಗಿ ಕಾಣಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು. ಚಪಲದವನಿಗೂ ಈ ಮಾತು ಅನ್ವಯಿಸುತ್ತದೆ ಎಂಬುದು ನಿಜ, ಆದರೆ ಅದು ಎರಡನೆಯ ಹೆಜ್ಜೆ.

ಈ ದೃಷ್ಟಿಯಿಂದ ನಮ್ಮ ಮದುವೆಯ ಟೋಸ್ಟನ್ನು ನೋಡಿ. ಕೇಕ್ ಕತ್ತರಿಸಿದ ಮೇಲೆ ಹುಡುಗರು ಟ್ರೇ ಹಿಡಿದು ಸಾಲಿನಿಂದ ಸಾಲಿಗೆ ಬರುತ್ತಾರೆ, ಪ್ರತಿಯೊಬ್ಬರ ಕೈಗೂ ಒಂದು ಪುಟ್ಟ ಗ್ಲಾಸ್ ಬರುತ್ತದೆ, ವೇದಿಕೆಯ ಮೇಲಿನವರು ವಧೂವರರ ಗುಣಗಾನ ಮುಗಿಸಿ ಗ್ಲಾಸ್ ಎತ್ತಿರಿ ಎನ್ನುತ್ತಾರೆ. ಆಗ ಬೇಡವೆಂದವನಿಗೆ ಪಕ್ಕದ ಕುರ್ಚಿಯಿಂದ ಮೊದಲ ಪ್ರಶ್ನೆ: “ಯಾಕೆ, ಮಾತ್ರೆ ತಗೊಳ್ತಾ ಇದ್ದೀರಾ?” ಇಲ್ಲವೆಂದರೆ ಎರಡನೆಯದು, ಕುಡಿತವನ್ನು ಒಪ್ಪದ ಪಂಗಡವೊಂದರ ಹೆಸರೆತ್ತಿ: “ಪೆಂತೆಕೋಸ್ತಿಗೆ ಸೇರಿದಿರಾ?” ಕುಡಿತ ಬಿಟ್ಟು ಕೆಲವೇ ತಿಂಗಳಾದ ಒಬ್ಬ ಮನುಷ್ಯ ಆ ಕುರ್ಚಿಯಲ್ಲಿದ್ದರೆ, ಈ ತಮಾಷೆಗೆ ಉತ್ತರವಾಗಿ ಅವನು ತನ್ನ ಬದುಕಿನ ಅತ್ಯಂತ ನೋವಿನ ಸಂಗತಿಯನ್ನು ಬಿಚ್ಚಿಡಬೇಕು, ಇಲ್ಲವೇ ಗ್ಲಾಸನ್ನು ತೆಗೆದುಕೊಳ್ಳಬೇಕು. ವೈನ್ ಕುಡಿಯುವುದು ಪಾಪವಲ್ಲದಿರಬಹುದು. ಈ ಬಲವಂತವನ್ನು ಪಾಪವೆಂದು ಕರೆಯಲು ನನಗೆ ಹಿಂಜರಿಕೆಯಿಲ್ಲ.

ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ವೈನ್ ಬಗೆಗೂ ಒಂದೆರಡು ಮಾತು ಬೇಕು. ಕಪ್ಪು ದ್ರಾಕ್ಷಿಯನ್ನು ತೊಳೆದು ಒರೆಸಿ, ಹಿಸುಕಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ ಸೇರಿಸಿ, ಪಿಂಗಾಣಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನವೂ ಮರದ ಸೌಟಿನಿಂದ ತಿರುವುವ ಈ ಸಂಪ್ರದಾಯದಲ್ಲಿ ನಿಜವಾದ ಸಂಭ್ರಮವಿದೆ. ಮನೆಯದಲ್ಲವೇ, ಏನೂ ಆಗದು ಎಂದು ಮಕ್ಕಳಿಗೂ ಕೊಡುವುದನ್ನು ಮಾತ್ರ ನಿಲ್ಲಿಸಬೇಕು. ಮನೆಯಲ್ಲಿ ಮಾಡಿದ್ದರಿಂದ ಆಲ್ಕೋಹಾಲ್ ಬೇರೆಯಾಗುವುದಿಲ್ಲ, ಭರಣಿಯೊಳಗೆ ಅದು ಎಷ್ಟಾಗಿದೆಯೆಂದು ಯಾರೂ ಅಳೆಯುವುದೂ ಇಲ್ಲ. ಬಾಟಲಿಯನ್ನು ಹೊಸ್ತಿಲು ದಾಟಲು ಬಿಡದ ಎಷ್ಟೋ ಮನೆಗಳಲ್ಲಿ ಕೇಕಿನ ಒಣಹಣ್ಣು ಮಾತ್ರ ವಾರಗಟ್ಟಲೆ ರಮ್ಮಿನಲ್ಲಿ ನೆನೆಯುತ್ತಿರುತ್ತದೆ. ಆ ಮನೆಗಳ ಕೇಕನ್ನು ನಾನೂ ತಿಂದಿದ್ದೇನೆ, ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ತಿಮೊಥೆಯನ ಹೊಟ್ಟೆಗಾಗಿ ಪೌಲನು ಸ್ವಲ್ಪ ದ್ರಾಕ್ಷಾರಸವನ್ನು ಸೂಚಿಸಿದ್ದನ್ನು ಇಂದಿನ ಆರೋಗ್ಯ ಸಲಹೆಯಾಗಿ ಓದಬಾರದು. ನೀರನ್ನು ಮಾತ್ರ ಕುಡಿಯುತ್ತಿದ್ದ, ಅಂದರೆ ವರ್ಜಿಸಿದ್ದ ಶಿಷ್ಯನಿಗೆ ಗುರು ಹೇಳಿದ ಮದ್ದು ಅದು. ಆಲ್ಕೋಹಾಲನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಸಾಲಿನಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಸೇರಿಸಿದ್ದು 1988ರಲ್ಲಿ. ಆರೋಗ್ಯದ ದೃಷ್ಟಿಯಿಂದ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಹಾಗಾದರೆ ಸರ್ಕಾರವೇ ನಿಷೇಧಿಸಲಿ ಎನ್ನುವವರಿದ್ದಾರೆ. ಕ್ರೈಸ್ತರೇ ಬಹುಸಂಖ್ಯಾತರಾಗಿರುವ ಮಿಜೋರಾಮಿನಲ್ಲಿ ಸಭೆಗಳ ಒತ್ತಾಯದಿಂದ 1997ರಲ್ಲಿ ಪೂರ್ಣ ಪಾನನಿಷೇಧ ಜಾರಿಗೆ ಬಂತು, 2015ರಲ್ಲಿ ಸಡಿಲವಾಯಿತು, 2019ರಲ್ಲಿ ಮತ್ತೆ ಬಂತು. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಕಾನೂನಿಗೆ ಅದರದೇ ಕೆಲಸವಿದೆ, ಸಭೆಯ ಕೆಲಸವನ್ನು ಅದು ಮಾಡಿಕೊಡುವುದಿಲ್ಲ.

ಸಭೆಯ ಕೆಲಸವೆಂದರೆ ಕುಡಿತ ಬಿಟ್ಟವನಿಗೆ, ಬಿಡಲು ಹೆಣಗುತ್ತಿರುವವನಿಗೆ ಜಾಗ ಮಾಡಿಕೊಡುವುದು. 1935ರಲ್ಲಿ ಅಮೆರಿಕದ ಆಕ್ರನ್ನಿನಲ್ಲಿ ಇಬ್ಬರು ವ್ಯಸನಿಗಳ ಭೇಟಿಯಿಂದ ಹುಟ್ಟಿದ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಬೇರು ಒಂದು ಕ್ರೈಸ್ತ ಬಳಗದಲ್ಲಿತ್ತು. ಇಂದು ಅದರ ಕೂಟಗಳಿಗೆ ಎಷ್ಟೋ ಚರ್ಚುಗಳು ಕೋಣೆ ಬಿಟ್ಟುಕೊಡುತ್ತವೆ, ಆದರೆ ಆ ಕೋಣೆಯಲ್ಲಿ ಆಡುವಷ್ಟು ಬಿಚ್ಚುಮನಸ್ಸಿನ ಮಾತನ್ನು ಭಾನುವಾರದ ಆರಾಧನೆಯ ನಂತರ ಆಡುವ ಧೈರ್ಯ ಯಾರಿಗೂ ಇಲ್ಲ. ಕೊರಿಂಥದಲ್ಲಿ ಪ್ರಭುಭೋಜನದ ಮೇಜಿನಲ್ಲಿಯೇ ಒಬ್ಬನು ಹಸಿದಿರುತ್ತಿದ್ದ, ಇನ್ನೊಬ್ಬನು ಅಮಲೇರಿರುತ್ತಿದ್ದ. ಪೌಲನು ಪಾತ್ರೆಯನ್ನು ತೆಗೆದುಹಾಕಲಿಲ್ಲ, ಒಬ್ಬರಿಗೊಬ್ಬರು ಕಾಯಿರಿ ಎಂದನು.

ಪಾತ್ರೆಯ ವಿಷಯದಲ್ಲಿ ಕಥೋಲಿಕರಿಗೆ ತೊಡಕಿಲ್ಲ. ಅವರಲ್ಲಿ ವೈನ್ ಕಡ್ಡಾಯವಾದರೂ ರೊಟ್ಟಿಯೊಂದನ್ನೇ ಸ್ವೀಕರಿಸಿದರೂ ಪರಮಪ್ರಸಾದ ಪೂರ್ಣವೆಂಬುದು ಬೋಧನೆ. ವ್ಯಸನದಿಂದ ಹೊರಬಂದ ಗುರುಗಳಿಗೂ ಧರ್ಮಾಧ್ಯಕ್ಷರ ಅನುಮತಿಯಿಂದ, ಹುದುಗುವಿಕೆಯನ್ನು ತಡೆದ ರಸವನ್ನು ಬಳಸುವ ಅವಕಾಶವಿದೆ. ವೈನ್ ಬಳಸುವ ಪ್ರೊಟೆಸ್ಟಂಟ್ ಸಭೆಗಳು ಪುಟ್ಟ ಲೋಟಗಳ ತಟ್ಟೆಯಲ್ಲಿ ಒಂದು ಸಾಲಿಗೆ ರಸವನ್ನು ತುಂಬಿ, ಯಾವ ಸಾಲೆಂದು ಆರಾಧನೆಯ ಮೊದಲು ಎಲ್ಲರಿಗೂ ಪ್ರಕಟಿಸಲಿ. ಆಗ ಯಾರೂ ಸಭಾಪಾಲಕರ ಬಳಿಗೆ ಹೋಗಿ ಕಾರಣ ಹೇಳಿ ಕೇಳಿಕೊಳ್ಳಬೇಕಾಗುವುದಿಲ್ಲ. ಮದುವೆಯ ಟ್ರೇಯಲ್ಲಿಯೂ ಇದೇ ಏರ್ಪಾಡು ಸಾಧ್ಯ. ಬಡಿಸುವವರಿಗೆ ಹಿಂದಿನ ದಿನವೇ ಹೇಳಿಟ್ಟರೆ ಸಾಕು.