ಹುಟ್ಟಿನ ಅಂಕ, ಕಲಿಕೆಯ ಅಂಕ

ಆತ್ಮೀಯರೇ,

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಎಲ್ಲರೂ ಸೇರಿ ಕಥೆ ಕಟ್ಟುವ ಆಟಗಳಲ್ಲಿ ಕಥೆ ಶುರುವಾಗುವ ಮೊದಲೇ ಪ್ರತಿಯೊಬ್ಬ ಆಟಗಾರನ ಪಾತ್ರ ಒಂದು ಹಾಳೆಯ ಮೇಲೆ ಸಿದ್ಧವಾಗಿರಬೇಕು. ಬಲ, ಚುರುಕು, ಬುದ್ಧಿ, ವಿವೇಕ ಮುಂತಾದ ಗುಣಗಳಿಗೆ ಅಲ್ಲಿ ಅಂಕಗಳಿರುತ್ತವೆ. ಆ ಅಂಕಗಳು ಪಾತ್ರಕ್ಕೆ ಎಲ್ಲಿಂದ ಬರಬೇಕು ಎಂಬುದೇ ಇಂದು ನಾನು ಎತ್ತಿಕೊಂಡಿರುವ ಪ್ರಶ್ನೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಆಟದಲ್ಲಿ ಬಹುಕಾಲ ಇದಕ್ಕಿದ್ದ ಉತ್ತರ ಹುಟ್ಟು. ಓರ್ಕ್ ಎಂದರೆ ಕಟ್ಟುಕಥೆಗಳಲ್ಲಿ ಬರುವ, ಒರಟು ಮೈಕಟ್ಟಿನ ಒಂದು ಕುಲ. 2014ರ ಆವೃತ್ತಿಯಲ್ಲಿ ಅರ್ಧ ಓರ್ಕ್ ಆಗಿ ಹುಟ್ಟಿದವರಿಗೆ ಬಲದಲ್ಲಿ ಎರಡು ಅಂಕ ಹೆಚ್ಚು. 2016ರ ಪೂರಕ ಪುಸ್ತಕವೊಂದು ಪೂರ್ಣ ಓರ್ಕ್ ಪಾತ್ರದ ಬುದ್ಧಿಯಿಂದ ಎರಡು ಅಂಕ ಕಳೆಯುತ್ತಿತ್ತು. ಗುಣದ ಎರಡು ಅಂಕಗಳು ದಾಳದಲ್ಲಿ ಒಂದು ಅಂಕಕ್ಕೆ ಸಮ, ಪಾತ್ರದ ಪ್ರಯತ್ನ ಫಲಿಸಿತೇ ಎಂದು ತೀರ್ಮಾನಿಸುವ ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂಕವೆಂದರೆ ಶೇ 5ರಷ್ಟು ಸಾಧ್ಯತೆ. ಮಂತ್ರವಾದಿಯ ಮಂತ್ರಗಳು ನಿಂತಿರುವುದು ಬುದ್ಧಿಯ ಮೇಲೆ. ಸಣ್ಣದೆನಿಸಿದರೂ ಈ ನಷ್ಟ ಅವನಿಗೆ ಮತ್ತೆ ಮತ್ತೆ ತಗಲುವುದರಿಂದ ಓರ್ಕ್ ಮಂತ್ರವಾದಿಯನ್ನು ಆರಿಸಿಕೊಳ್ಳುವವರು ಕಡಿಮೆಯಾಗುತ್ತಾರೆ. ಆರಿಸಿಕೊಳ್ಳುವವರೇ ಇಲ್ಲದಿದ್ದಾಗ ಓರ್ಕ್ ದಡ್ಡನೆಂಬ ಮಾತು ಮೇಜಿನ ಮೇಲೆ ತಾನಾಗಿಯೇ ನಿಜವಾಗುತ್ತದೆ.

ಓರ್ಕ್ ಕಟ್ಟುಕಥೆಯ ಜೀವಿಯಲ್ಲವೇ, ಯಾರಿಗೆ ನೋವು ಎಂದು ಕೇಳುವವರಿದ್ದಾರೆ. ಕಟ್ಟುಕಥೆಗೆ ಬಣ್ಣ ಬರುವುದು ನಮ್ಮ ಲೋಕದಿಂದಲೇ. ಅದೇ ಆಟದ 2016ರ ಸಾಹಸಕಥೆಯೊಂದರಲ್ಲಿ ಬರುವ ಅಲೆಮಾರಿಗಳಾದ ವಿಸ್ತಾನಿಗಳು ಯುರೋಪಿನ ರೋಮಾ ಜನರ ಬಗೆಗಿನ ಹಳೆಯ ಪೂರ್ವಗ್ರಹಗಳನ್ನೇ ಹೊತ್ತಿದ್ದರು. 2020ರಲ್ಲಿ ಪ್ರಕಾಶಕರು ಆ ಭಾಗವನ್ನು ತಿದ್ದಿದರು, ಓರ್ಕ್‌ನ ಬುದ್ಧಿಯಿಂದ ಕಳೆಯುವುದನ್ನೂ ಕೈಬಿಟ್ಟರು.

2024ರ ಆವೃತ್ತಿಯಲ್ಲಿ ಗುಣದ ಹೆಚ್ಚುವರಿ ಅಂಕಗಳು ಹುಟ್ಟಿನಿಂದ ಕಳಚಿಕೊಂಡು 'ಹಿನ್ನೆಲೆ'ಗೆ, ಅಂದರೆ ಪಾತ್ರವು ಸಾಹಸಕ್ಕೆ ಹೊರಡುವ ಮುನ್ನ ನಡೆಸಿದ ಬದುಕಿಗೆ, ಸೇರಿಕೊಂಡವು. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೂ ಅಲ್ಲಿನ ರೈತನನ್ನು ಸ್ವಲ್ಪ ನೋಡಿ. ರೈತನ ಹಿನ್ನೆಲೆ ಆರಿಸಿಕೊಂಡವರು ಅಂಕ ಸೇರಿಸಬಹುದಾದದ್ದು ಬಲ, ದೇಹದಾರ್ಢ್ಯ, ವಿವೇಕಗಳಿಗೆ ಮಾತ್ರ. ಬುದ್ಧಿಗೆ ಸೇರಿಸುವ ಅವಕಾಶ ಕುಲೀನನಿಗುಂಟು, ರೈತನಿಗಿಲ್ಲ. ವಿವೇಕ ಕೊಟ್ಟಿದ್ದಾರಲ್ಲ ಎನ್ನಬಹುದು, ಸರಿ. ಆದರೆ ಮಳೆ ನಕ್ಷತ್ರ ಎಣಿಸಿ, ಬೀಜ ಆರಿಸಿ, ಸಾಲದ ಬಡ್ಡಿಯನ್ನು ಬಾಯಲ್ಲೇ ಲೆಕ್ಕ ಹಾಕುವ ಒಕ್ಕಲುತನವನ್ನು ಕಂಡವರು ಈ ಪಟ್ಟಿಯನ್ನು ಹೀಗೆ ಬರೆಯುತ್ತಿರಲಿಲ್ಲ. ಕುಲದಿಂದ ಬಿಟ್ಟ ಅಚ್ಚು ವರ್ಗದ ಮೇಲೆ ಬಂದು ಕೂತಿದೆ, ಅಷ್ಟೆ. ಹೊಸ ಹಿನ್ನೆಲೆಗಳನ್ನು ರೂಪಿಸಿಕೊಳ್ಳಲು ಆಟವನ್ನು ನಡೆಸುವವರಿಗೆ ಅದೇ ಆವೃತ್ತಿ ಅವಕಾಶ ಕೊಟ್ಟಿದೆಯೆಂಬುದನ್ನೂ ಇಲ್ಲಿ ಹೇಳಬೇಕು.

ಹಿನ್ನೆಲೆ ಎಂಬ ಹೆಸರಿನಲ್ಲಿ ಹುಟ್ಟೇ ಮತ್ತೆ ನುಸುಳುವುದು ಹೇಗೆಂದು ತಿಳಿಯಲು ನಮಗೆ ದೂರ ಹೋಗಬೇಕಿಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ತಂದ ಕಾಯ್ದೆಯೊಂದು ಇಡೀ ಸಮುದಾಯಗಳನ್ನೇ ಅಪರಾಧಿ ಬುಡಕಟ್ಟುಗಳೆಂದು ಪಟ್ಟಿ ಮಾಡಲು ಅವಕಾಶ ಕೊಟ್ಟಿತು. ಅದು ರದ್ದಾದದ್ದು 1952ರಲ್ಲಿ. ಆಟದಲ್ಲೂ 'ಅಪರಾಧಿ' ಎಂಬ ಹಿನ್ನೆಲೆಯಿದೆ, 2014ರ ನಿಯಮದಂತೆ ಅದು ಕೊಡುವುದು ವಂಚನೆ ಮತ್ತು ಮರೆಯಲ್ಲಿ ಚಲಿಸುವ ಕೌಶಲ. ಒಬ್ಬಳು ಕಳ್ಳಸಾಗಣೆಯ ತಂಡದಲ್ಲಿದ್ದು ಅದನ್ನು ಕಲಿತಳೆಂದರೆ ಅದು ಅವಳ ಕಥೆ. ಅದೇ ಕೌಶಲವನ್ನು ಒಂದು ಅಲೆಮಾರಿ ಜನಾಂಗದ ಹೆಸರಿಗೆ ಬರೆದರೆ 1871ರ ಪಟ್ಟಿಯೇ ದಾಳದೊಂದಿಗೆ ಮರಳಿ ಬಂದಂತೆ.

ನಾಳೆ ಕನ್ನಡದಲ್ಲಿ ಇಂಥ ಆಟ ಬರೆಯುವವರಿಗೆ ತೊಡಕು ಇನ್ನೂ ಹೆಚ್ಚು, ಏಕೆಂದರೆ ನಮ್ಮಲ್ಲಿ ಅನೇಕ ಕಸುಬುಗಳ ಹೆಸರೇ ಜಾತಿಯ ಹೆಸರು. 'ಕುಂಬಾರ' ಎಂದು ಬರೆದೊಡನೆ ಓದುವವರಿಗೆ ಕಸುಬಿಗಿಂತ ಮೊದಲು ಕುಲ ಕಾಣುತ್ತದೆ. ಹಾಗಾಗಿ ನಾನಾದರೆ 'ತಿಗರಿಯ ಮುಂದೆ ಆರು ವರ್ಷ' ಎಂದು ಹೆಸರಿಡುತ್ತೇನೆ. ಮಣ್ಣಿನ ಹದ ಬೆರಳಿನಿಂದ ತಿಳಿಯುವುದು, ಆವಿಗೆಯ ಬೆಂಕಿಯನ್ನು ರಾತ್ರಿಯಿಡೀ ಕಾಯುವುದು, ಸಂತೆಯಲ್ಲಿ ಚೌಕಾಸಿ ಮಾಡುವುದು, ಈ ಮೂರರಲ್ಲಿ ಎರಡನ್ನು ಆಟಗಾರರು ಆರಿಸಿಕೊಳ್ಳಲಿ, ಯಾರ ಬಳಿ ಕಲಿತದ್ದೆಂದು ಒಂದು ಸಾಲು ಬರೆಯಲಿ. ಅಕ್ಕಸಾಲಿಗರ ಮಗಳೂ ಅದನ್ನು ಆರಿಸಿಕೊಳ್ಳುವಂತಿರಬೇಕು. ಕುಂಬಾರರ ಮನೆಯಲ್ಲೇ ಹುಟ್ಟಿ ತಿಗರಿ ಮುಟ್ಟದೆ ಹಡಗು ಹತ್ತಿದವನ ಹಾಳೆಯಲ್ಲಿ ಮಣ್ಣಿನ ಮಾತೇ ಇರಬೇಕಾಗಿಲ್ಲ.