ಮ್ಯಾಪಲ್ಲಿ ಮಲಾವಿ, ಸುತ್ತ ಮೊಜಾಂಬಿಕ್

ನಮಸ್ಕಾರ ಸ್ನೇಹಿತರೇ. ಒಂದು ಸಲ ಮೊಬೈಲಲ್ಲಿ ಮ್ಯಾಪ್ ತೆಗೆದು ಆಫ್ರಿಕಾದ ಮಲಾವಿ ಸರೋವರ ನೋಡಿ. ಪೂರ್ವದ ದಡಕ್ಕೆ ಹತ್ತಿರ ಎರಡು ಚುಕ್ಕಿ ಕಾಣುತ್ತವೆ, ಲಿಕೋಮಾ ಮತ್ತು ಚಿಜುಮುಲು. ಆ ದಡ ಮೊಜಾಂಬಿಕ್‌ನದು, ಸುತ್ತಲಿನ ನೀರೂ ಮೊಜಾಂಬಿಕ್‌ನದು, ದ್ವೀಪಗಳು ಮಾತ್ರ ಮಲಾವಿಯವು!

ಇದಕ್ಕೆ ಕಾರಣ ಪಾದ್ರಿಗಳು. 1880ರ ದಶಕದಲ್ಲಿ ದಡದ ಊರುಗಳ ಮೇಲೆ ದಾಳಿ ಜಾಸ್ತಿ ಇತ್ತು, ಅದಕ್ಕೇ ಇಂಗ್ಲೆಂಡಿನ ಆಂಗ್ಲಿಕನ್ ಮಿಷನ್‌ನವರು ಸುರಕ್ಷಿತ ಜಾಗ ಅಂತ ಲಿಕೋಮಾದಲ್ಲಿ ನೆಲೆ ನಿಂತರು. ಮುಂದೆ 1954ರಲ್ಲಿ, ಆಗ ಮಲಾವಿಯನ್ನು ಆಳುತ್ತಿದ್ದ ಬ್ರಿಟನ್ ಮತ್ತು ಮೊಜಾಂಬಿಕನ್ನು ಆಳುತ್ತಿದ್ದ ಪೋರ್ಚುಗಲ್ ಕೂತು ಗಡಿಯನ್ನು ಸರೋವರದ ಮಧ್ಯಕ್ಕೆ ಸರಿಸಿದಾಗ, ನೀರನ್ನು ಬಿಟ್ಟುಕೊಟ್ಟ ಬ್ರಿಟನ್ ಈ ಎರಡು ದ್ವೀಪ ಮಾತ್ರ ಬಿಡಲಿಲ್ಲ.

ಹದಿನೆಂಟೇ ಚದರ ಕಿಲೋಮೀಟರಿನ ಲಿಕೋಮಾದಲ್ಲಿ ಆ ಮಿಷನ್ ಕಟ್ಟಿದ ಚರ್ಚ್ ಸುಮಾರು 100 ಮೀಟರ್ ಉದ್ದ ಇದೆ. 1903ರಲ್ಲಿ ಶುರು ಮಾಡಿ 1911ರಲ್ಲಿ ಪ್ರತಿಷ್ಠೆ ಮಾಡಿದರು. ಒಳಗಿರುವ ಒಂದು ಶಿಲುಬೆಯನ್ನು, ಆಫ್ರಿಕಾ ಸುತ್ತಿದ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ನನ ಹೃದಯ ಹೂತಿದ್ದ ಮರದಿಂದಲೇ ಕೆತ್ತಿದ್ದು ಅನ್ನುತ್ತಾರೆ. ಹೊರಗೆ ಬಂದರೆ ಮರಗೆಣಸಿನ ಹೊಲ, ಬಿಸಿಲಿಗೆ ಹರಡಿದ ಮೀನು, ಎಲ್ಲೆಲ್ಲೂ ಬವೋಬಾಬ್ ಮರ. ನಮ್ಮ ಸವಣೂರಿನ ದೊಡ್ಡ ಹುಣಸೆ ನೋಡಿದವರಿಗೆ ಗೊತ್ತು, ಅದೇ ಮರ.

ಇಂಥ ಜಾಗದ ಬಗ್ಗೆ ವಿಡಿಯೋ ಮಾಡುವವರೆಲ್ಲ "ವಿಚಿತ್ರ ಗಡಿ ನೋಡಿ" ಅಂತ ನಿಲ್ಲಿಸಿಬಿಡುತ್ತಾರೆ. ನನಗೆ ಗಡಿಗಿಂತ ಹಡಗು ದೊಡ್ಡ ವಿಷಯ. ಎದುರಿನ ಮೊಜಾಂಬಿಕ್ ದಡಕ್ಕೆ ದೋಣಿಯಲ್ಲೇ ಹೋಗಿಬರಬಹುದು, ಎರಡೂ ಕಡೆ ಆಡುವುದು ಚಿನ್ಯಾಂಜಾ ಭಾಷೆಯೇ. ಸ್ವಂತ ದೇಶದ ದಡ ಮುಟ್ಟಬೇಕು ಅಂದರೆ ಇಡೀ ಸರೋವರ ದಾಟಬೇಕು, ಅದಕ್ಕೆ ದಶಕಗಳಿಂದ ಜನ ನಂಬಿರುವುದು 'ಇಲಾಲಾ' ಅನ್ನೋ ಹಡಗನ್ನು. ಸ್ಕಾಟ್ಲೆಂಡಿನಲ್ಲಿ ಕಟ್ಟಿ, ಬಿಡಿಭಾಗಗಳಾಗಿ ತಂದು ಜೋಡಿಸಿ, 1951ರಲ್ಲಿ ನೀರಿಗಿಳಿಸಿದ ಹಡಗು ಅದು! ರಿಪೇರಿಗೆ ನಿಂತದ್ದೂ ಹಲವು ಸಲ. ದುಡ್ಡಿರುವ ಪ್ರವಾಸಿಗರು ಪುಟ್ಟ ವಿಮಾನದಲ್ಲಿ ಬಂದು ಇಳಿಯುತ್ತಾರೆ ಬಿಡಿ, ಮೂಟೆ ಹೊತ್ತ ಊರಿನವರು ಏನು ಮಾಡಬೇಕು?

ಗಡಿ ಬದಲಿಸಿ ಅಂತ ನಾನು ಹೇಳುತ್ತಿಲ್ಲ. ಲಿಕೋಮಾಗೆ ಜಿಲ್ಲೆ ಅನ್ನೋ ಪಟ್ಟ ಕೊಟ್ಟ ಸರ್ಕಾರ, ವಾರವಾರ ತಪ್ಪದೆ ಬರುವ ಇನ್ನೊಂದು ಹಡಗನ್ನೂ ಕೊಡಬೇಕು ಅಂತಿದ್ದೇನೆ. ಇದು ಜಾಸ್ತಿ ಆಯ್ತು ಅಂತ ಅನಿಸಿದರೆ ಕೆಳಗೆ ಬರೆಯಿರಿ, ಜಗಳ ಆಡೋಣ.